ಹೋಳು ಕತ್ತರಿಸುವ ಹಕ್ಕು

ಹೊರನಾಡಿನಲ್ಲಿ ನೆಲೆಸಿದ ನಮ್ಮವರಲ್ಲಿ ಕಂಪ್ಯೂಟರ್ ಕೆಲಸದವರು ಒಬ್ಬರೂ ಇಲ್ಲದ ಮನೆ ಈಗ ವಿರಳವೆಂದೇ ಹೇಳಬೇಕು. ಮಗನೋ, ಸೊಸೆಯೋ, ಅಕ್ಕನ ಮೊಮ್ಮಗಳೋ, ಯಾರಾದರೊಬ್ಬರು ಇದ್ದೇ ಇರುತ್ತಾರೆ. "ಏನು ಕೆಲಸವಪ್ಪಾ?" ಎಂದು ಕೇಳಿದರೆ "ಪ್ರೋಗ್ರಾಮಿಂಗ್" ಎನ್ನುತ್ತಾರೆ. ಹಿರಿಯರು ತಲೆಯಾಡಿಸುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಕೆಲಸಕ್ಕೂ ಒಂದು ಇತಿಹಾಸವಿದೆ. ಅದರಲ್ಲಿಯೂ ವಾದ-ವಿವಾದ, ರಾಜಿ, ಒಳಗಿನವರು-ಹೊರಗಿನವರು ಎಂಬ ಭೇದ ಎಲ್ಲವೂ ಉಂಟು. ಅದರೊಳಗಿನ ಒಂದು ಸಣ್ಣ ಚಿಹ್ನೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಚೌಕ ಕಂಸದೊಳಗೆ ಎರಡು ಸಂಖ್ಯೆಗಳನ್ನು ಬರೆದು ಅವುಗಳ ನಡುವೆ ಇಡುವ, ಒಂದರ ಮೇಲೊಂದಾದ ಎರಡು ಚುಕ್ಕೆಗಳ ಕಥೆ ಇದು.

ಸಾಲು[2:5] ಎಂದು ಬರೆದರೆ, ಸಾಲಿನಿಂದ ಒಂದು ಹೋಳನ್ನು ಕತ್ತರಿಸಿ ಕೊಡು ಎಂದು ಯಂತ್ರಕ್ಕೆ ಹೇಳಿದಂತೆ. ಇದಕ್ಕೆ ಇಂಗ್ಲಿಷಿನವರು ಸ್ಲೈಸಿಂಗ್ ಎನ್ನುತ್ತಾರೆ. ಬ್ರೆಡ್ಡಿನ ಸ್ಲೈಸು, ಮಾವಿನ ಹೋಳು, ಎರಡೂ ಒಂದೇ. ಸಾಲು ಎಂದರೆ ಒಂದರ ಪಕ್ಕ ಒಂದಾಗಿ ಇಟ್ಟ ಅಂಕೆಗಳು ಅಥವಾ ಅಕ್ಷರಗಳು. ಮುಂಬಯಿಯ ಹನ್ನೆರಡು ಡಬ್ಬಿಯ ಲೋಕಲ್ ಗಾಡಿಯನ್ನು ಮನಸ್ಸಿಗೆ ತಂದುಕೊಳ್ಳಿ. ನಡುವಿನ ಮೂರು ಡಬ್ಬಿಗಳು ಬೇಕು. ಯಾವುವು ಎಂದು ಹೇಳುವುದು ಹೇಗೆ?

ಇಷ್ಟು ಸುಲಭದ ಮಾತಿನಲ್ಲಿಯೂ ಎಷ್ಟು ಗೊಂದಲವಿದೆ ನೋಡಿ. "ಸೋಮವಾರದಿಂದ ಶುಕ್ರವಾರದ ವರೆಗೆ ರಜೆ" ಎಂದರೆ ಶುಕ್ರವಾರ ಸೇರಿತೋ ಇಲ್ಲವೋ? ನಮ್ಮ ಆಡುಮಾತಿನಲ್ಲಿ "ಎಂಟು ದಿನ ಬಿಟ್ಟು ಬನ್ನಿ" ಎಂದರೆ ಮುಂದಿನ ವಾರ ಅದೇ ವಾರದಂದು ಬನ್ನಿ ಎಂದರ್ಥ. ವಾರಕ್ಕೆ ಇರುವುದು ಏಳೇ ದಿನವಾದರೂ ನಾವು ಮೊದಲ ದಿನ, ಕೊನೆಯ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಫ್ರೆಂಚರೂ ವಾರಕ್ಕೆ ಎಂಟು ದಿನವೆನ್ನುವ ರೂಢಿಯವರೇ. ಇನ್ನು ನಮ್ಮ ಕಟ್ಟಡಗಳಲ್ಲಿ ನೆಲಮಟ್ಟದ ಅಂತಸ್ತು ಗ್ರೌಂಡ್ ಫ್ಲೋರ್, ಅದರ ಮೇಲಿನದು ಮೊದಲನೆಯ ಮಹಡಿ; ಅಮೆರಿಕದಲ್ಲಿ ನೆಲಮಟ್ಟದ್ದೇ ಮೊದಲನೆಯದು. ಮನುಷ್ಯರು ಇಂಥ ವ್ಯತ್ಯಾಸಗಳನ್ನು ಕೇಳಿ, ನಕ್ಕು, ಸರಿಮಾಡಿಕೊಳ್ಳುತ್ತಾರೆ. ಯಂತ್ರ ಕೇಳುವುದಿಲ್ಲ. ಒಂದು ಹೆಚ್ಚೋ ಒಂದು ಕಡಿಮೆಯೋ ಆದರೆ ಅದೇ ತಪ್ಪಿನೊಡನೆ ಲಕ್ಷ ಸಲ ಲೆಕ್ಕ ಮಾಡಿ ಮುಗಿಸುತ್ತದೆ.

1957ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 704 ಎಂಬ ಯಂತ್ರಕ್ಕಾಗಿ ಫೋರ್‌ಟ್ರಾನ್ ಭಾಷೆಯನ್ನು ಹೊರತಂದಾಗ ಅದರಲ್ಲಿ ಸಾಲುಗಳು ಇದ್ದವು. ಸಾಲುಗಳ ಸಾಲು, ಅಂದರೆ ಕೋಷ್ಟಕವೂ ಇತ್ತು. ಎಣಿಕೆ ಒಂದರಿಂದ. ಆದರೆ ಹೋಳು ಕತ್ತರಿಸುವ ಸೌಕರ್ಯ ಇರಲಿಲ್ಲ. ನಡುವಿನ ಹತ್ತು ಅಂಕೆ ಬೇಕಾದರೆ ಪ್ರೋಗ್ರಾಮು ಬರೆಯುವವನೇ ಒಂದೊಂದಾಗಿ ಎತ್ತಿ ಇನ್ನೊಂದು ಕಡೆ ಇಡಬೇಕು. ಅದೇ ಭಾಷೆಯ 1977ರ ಪರಿಷ್ಕರಣದಲ್ಲಿ ಅಕ್ಷರಗಳ ಸಾಲಿಗೆ ಮಾತ್ರ ಎರಡು ಚುಕ್ಕೆಯ ಹೋಳು ಬಂತು. ಅಂಕೆಗಳ ಸಾಲು ಫೋರ್‌ಟ್ರಾನ್ 90ರ ವರೆಗೆ ಕಾಯಬೇಕಾಯಿತು. ವಿಜ್ಞಾನಿಗಳಿಗಾಗಿಯೇ ಹುಟ್ಟಿದ ಭಾಷೆಯಲ್ಲಿ ವಿಜ್ಞಾನಿಗಳಿಗೆ ಬೇಕಾದ ಸೌಕರ್ಯ ಬರಲು ಮೂವತ್ತು ವರ್ಷಗಳ ಮೇಲಾಯಿತೆಂದರೆ ಆಶ್ಚರ್ಯವೇ ಸರಿ.

ಆದರೆ ನಮ್ಮ ಕಥೆಯ ಮುಖ್ಯ ಎಳೆ ಇರುವುದು ಅಮೆರಿಕದಲ್ಲಲ್ಲ, ಹಾಲೆಂಡಿನ ಆಮ್‌ಸ್ಟರ್‌ಡ್ಯಾಂನಲ್ಲಿ. ಅಲ್ಲಿ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಗಣಿತ ಕೇಂದ್ರವೊಂದನ್ನು ಸ್ಥಾಪಿಸಿದರು. 1983ರಲ್ಲಿ ಅದರ ಹೆಸರು ಸಿಡಬ್ಲ್ಯೂಐ ಎಂದಾಯಿತು. ಒಂದೇ ಸಂಸ್ಥೆಯಲ್ಲಿ ಮೂರು ತಲೆಮಾರಿನವರು ಈ ಎರಡು ಚುಕ್ಕೆಯ ಸುತ್ತ ಕೆಲಸ ಮಾಡಿದರೆಂಬುದು ಗಮನಿಸತಕ್ಕ ವಿಷಯ.

ಮೊದಲ ತಲೆಮಾರಿನವರು ಎಡ್ಸ್‌ಗರ್ ಡೈಕ್‌ಸ್ಟ್ರಾ. 1952ರಿಂದ 1962ರ ವರೆಗೆ ಅಲ್ಲಿದ್ದರು. 1957ರಲ್ಲಿ ತಮ್ಮ ಮದುವೆಯ ದಾಖಲೆಯಲ್ಲಿ ವೃತ್ತಿಯ ಸ್ಥಳದಲ್ಲಿ "ಪ್ರೋಗ್ರಾಮರ್" ಎಂದು ಬರೆಯಲು ಹೋದರೆ ನಗರಸಭೆಯವರು ಅಂಥ ವೃತ್ತಿಯೇ ಇಲ್ಲವೆಂದು ಒಪ್ಪಲಿಲ್ಲ. ಸೈದ್ಧಾಂತಿಕ ಭೌತವಿಜ್ಞಾನಿ ಎಂದು ಬರೆಸಬೇಕಾಯಿತು. 1972ರ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಇಂದು ವಧೂವರರ ಜಾಹೀರಾತು ನೋಡುವವರಿಗೆ ಇದನ್ನು ನಂಬುವುದು ಕಷ್ಟವಾದೀತು.

ಅದೇ ಕೇಂದ್ರದ ಆಡ್ ವ್ಯಾನ್ ವೈನ್‌ಗಾರ್ಡನ್ ಅವರ ನೇತೃತ್ವದಲ್ಲಿ ಆಲ್ಗಾಲ್ 68 ಎಂಬ ಭಾಷೆ ರೂಪುಗೊಂಡಿತು. ಭಾಷೆ ಬಹಳ ಪ್ರೌಢ, ಅದರ ವಿವರಣೆ ಅದಕ್ಕಿಂತ ಪ್ರೌಢ. ಬಳಸಿದವರು ಕಡಿಮೆ, ಬೈದವರು ಹೆಚ್ಚು. ಆದರೆ ಹೋಳಿನ ವಿಚಾರದಲ್ಲಿ ಅದು ಕಾಲಕ್ಕಿಂತ ಮುಂದಿತ್ತು. ಕೋಷ್ಟಕದ ಒಂದು ಅಡ್ಡಸಾಲನ್ನೋ ಒಂದು ಕಂಬಸಾಲನ್ನೋ ನಡುವಿನ ಒಂದು ಚೌಕವನ್ನೋ ಚಿಹ್ನೆಗಳಿಂದಲೇ ಎತ್ತಬಹುದಾಗಿತ್ತು. ಎತ್ತಿದ ಹೋಳು ನಕಲಲ್ಲ, ಮೂಲದ್ದೇ ಭಾಗ. ಹೋಳನ್ನು ತಿದ್ದಿದರೆ ಮೂಲವೂ ತಿದ್ದಲ್ಪಡುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1975ರಲ್ಲಿ ಪ್ರಕಟವಾದ ಇದರ ಪರಿಷ್ಕೃತ ವರದಿಯ ಸಂಪಾದಕರಲ್ಲಿ ಲ್ಯಾಂಬರ್ಟ್ ಮೇರ್ಟೆನ್ಸ್ ಒಬ್ಬರು.

ಡೈಕ್‌ಸ್ಟ್ರಾ ಅವರು ಆಮ್‌ಸ್ಟರ್‌ಡ್ಯಾಂ ಬಿಟ್ಟು ಇಪ್ಪತ್ತು ವರ್ಷಗಳಾದ ಮೇಲೆ, 1982ರ ಆಗಸ್ಟ್ 11ರಂದು, ಒಂದು ಪುಟ್ಟ ಟಿಪ್ಪಣಿಯನ್ನು ಕೈಬರಹದಲ್ಲಿಯೇ ಬರೆದು ಹಂಚಿದರು. ಎಣಿಕೆ ಸೊನ್ನೆಯಿಂದ ಏಕೆ ಆರಂಭವಾಗಬೇಕು ಎಂಬುದೇ ಅದರ ವಿಷಯ. 2ರಿಂದ 12ರ ವರೆಗಿನ ಸಂಖ್ಯೆಗಳನ್ನು ಸೂಚಿಸಲು ನಾಲ್ಕು ದಾರಿಗಳಿವೆ ಎನ್ನುತ್ತಾರೆ ಅವರು: ಎರಡು ತುದಿಯೂ ಸೇರಿದಂತೆ, ಎರಡೂ ಬಿಟ್ಟಂತೆ, ಮೊದಲಿನದು ಸೇರಿ ಕೊನೆಯದು ಬಿಟ್ಟಂತೆ, ಮೊದಲಿನದು ಬಿಟ್ಟು ಕೊನೆಯದು ಸೇರಿದಂತೆ. ಒಂದು ತುದಿ ಸೇರಿಸಿ ಒಂದು ತುದಿ ಬಿಟ್ಟರೆ ಎರಡು ಲಾಭ. ದೊಡ್ಡದರಿಂದ ಸಣ್ಣದನ್ನು ಕಳೆದರೆ ಎಷ್ಟು ಸಂಖ್ಯೆಗಳಿವೆ ಎಂಬುದು ನೇರವಾಗಿ ಸಿಗುತ್ತದೆ. ಒಂದು ಹೋಳು ಮುಗಿಯುವ ಅಂಕೆಯೇ ಮುಂದಿನ ಹೋಳು ಆರಂಭವಾಗುವ ಅಂಕೆಯಾಗುತ್ತದೆ. ಉಳಿದ ಎರಡರಲ್ಲಿ ಮೊದಲಿನದನ್ನು ಸೇರಿಸಿ ಕೊನೆಯದನ್ನು ಬಿಡುವುದೇ ಲೇಸು, ಇಲ್ಲವಾದರೆ ಸೊನ್ನೆಯಿಂದ ಹೊರಡುವ ಸಾಲಿಗೆ ಸೊನ್ನೆಗಿಂತ ಕೆಳಗಿನ ಅಂಕೆ ಬರೆಯಬೇಕಾದೀತು. ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಮೇಸಾ ಭಾಷೆಯಲ್ಲಿ ನಾಲ್ಕೂ ಬಗೆಗೆ ಚಿಹ್ನೆಗಳಿದ್ದವು. ಬಳಸಿ ನೋಡಿದ ಅನುಭವದಲ್ಲಿ ಈ ಒಂದನ್ನು ಬಿಟ್ಟು ಉಳಿದ ಮೂರೂ ತಪ್ಪುಗಳಿಗೆ ಕಾರಣವಾದವು ಎಂಬುದನ್ನೂ ಅವರು ಸಾಕ್ಷಿಯಾಗಿ ಕೊಡುತ್ತಾರೆ. ಬರೆಯಲು ಕಾರಣವೇನೆಂದರೆ, ಸೊನ್ನೆಯಿಂದ ಎಣಿಸುವ ತರುಣರನ್ನು ಗಣಿತದ ಪ್ರಾಧ್ಯಾಪಕರೊಬ್ಬರು ಇವರು ಬರೀ ಪಾಂಡಿತ್ಯ ಮೆರೆಯುತ್ತಾರೆಂದು ಸಿಟ್ಟಿನಿಂದ ಆಕ್ಷೇಪಿಸಿದ್ದರಂತೆ.

ನಮ್ಮ ಲೋಕಲ್ ಗಾಡಿಗೆ ಮರಳೋಣ. ಡಬ್ಬಿಗಳನ್ನು ಎಣಿಸುವ ಬದಲು ಡಬ್ಬಿಗಳ ನಡುವಿನ ಕೊಂಡಿಗಳನ್ನು ಎಣಿಸಿ. ಗಾಡಿಯ ಮುಂತುದಿ ಸೊನ್ನೆ. ಮೊದಲ ಡಬ್ಬಿಯ ಹಿಂದಿನ ಕೊಂಡಿ ಒಂದು. ಹೀಗೆಯೇ ಕೊನೆಯ ತುದಿ ಹನ್ನೆರಡು. [2:5] ಎಂದರೆ ಎರಡನೆಯ ಕೊಂಡಿಯಲ್ಲಿ ಒಮ್ಮೆ, ಐದನೆಯ ಕೊಂಡಿಯಲ್ಲಿ ಒಮ್ಮೆ ಬಿಚ್ಚು. ಐದರಿಂದ ಎರಡು ಕಳೆದರೆ ಮೂರು, ಡಬ್ಬಿಗಳೂ ಮೂರೇ. ದರ್ಜಿಯ ಟೇಪು ಸೊನ್ನೆಯಿಂದ ಆರಂಭವಾಗುವುದೂ ಇದೇ ಕಾರಣಕ್ಕೆ.

ಎರಡನೆಯ ತಲೆಮಾರು ಮೇರ್ಟೆನ್ಸ್ ಅವರದು. ಆಲ್ಗಾಲ್ ಪ್ರೌಢವಾಯಿತೆಂದೋ ಏನೋ, ಅವರು ಲಿಯೋ ಹ್ಯೂರ್ಟ್ಸ್ ಮತ್ತು ಸ್ಟೀವನ್ ಪೆಂಬರ್ಟನ್ ಜೊತೆ ಸೇರಿ ಸಾಮಾನ್ಯರೂ ಕಲಿಯಬಹುದಾದ ಎಬಿಸಿ ಎಂಬ ಭಾಷೆಯನ್ನು ಕಟ್ಟಿದರು. ಹೆಸರೇ ಹೇಳುವಂತೆ ಅದು ಅಆಇಈ. ಅದಕ್ಕಾಗಿ ದುಡಿದ ತರುಣರಲ್ಲಿ ಒಬ್ಬರು ಗೀಡೋ ವ್ಯಾನ್ ರಾಸಮ್. ಇವರು ಮೂರನೆಯ ತಲೆಮಾರು. ಎಬಿಸಿ ಹೆಚ್ಚು ಹರಡಲಿಲ್ಲ. 1989ರ ಕ್ರಿಸ್ಮಸ್ ರಜೆಯಲ್ಲಿ ಗೀಡೋ ಹೊತ್ತು ಕಳೆಯಲೆಂದು ಸ್ವಂತ ಭಾಷೆಯೊಂದನ್ನು ಬರೆಯಲು ಕೂತರು. ಇಂಗ್ಲೆಂಡಿನ ಹಾಸ್ಯ ಕಾರ್ಯಕ್ರಮವೊಂದರ ಹೆಸರಿನಿಂದ ಪೈಥಾನ್ ಎಂದು ಕರೆದು, 1991ರ ಫೆಬ್ರವರಿಯಲ್ಲಿ ಲೋಕಕ್ಕೆ ಬಿಟ್ಟರು.

ಎಬಿಸಿಯಲ್ಲಿ ಎಣಿಕೆ ಒಂದರಿಂದ. ಗೀಡೋ ಅವರಿಗೆ ಪರಿಚಿತವಾಗಿದ್ದ ಸಿ ಭಾಷೆಯಲ್ಲಿ ಸೊನ್ನೆಯಿಂದ. ಯಾವುದನ್ನು ಆರಿಸುವುದು? 2013ರಲ್ಲಿ ಅವರು ಇದಕ್ಕೆ ಬರೆದ ವಿವರಣೆಯಂತೆ, ನಿರ್ಧಾರಕ್ಕೆ ಕಾರಣ ಹೋಳಿನ ಬರವಣಿಗೆ. ಮೊದಲ ಐದು ಬೇಕಾದರೆ ಸಾಲು[:5], ಉಳಿದವು ಬೇಕಾದರೆ ಸಾಲು[5:]. ಎರಡನ್ನೂ ಸೇರಿಸಿದರೆ ಮತ್ತೆ ಪೂರ್ತಿ ಸಾಲು. ಎಲ್ಲಿಯೂ ಒಂದು ಕೂಡಿಸು, ಒಂದು ಕಳೆ ಎಂಬ ಕಿರುಕುಳವಿಲ್ಲ. ಆ ಸೊಗಸಿಗೆ ಮನಸೋತೆನೆಂದು ಅವರು ಹೇಳುತ್ತಾರೆ.

ಇಲ್ಲಿಯ ವರೆಗೆ ಬಂದದ್ದು ಹೋಳಿನ ಮಾತು. ಹಕ್ಕಿನ ಮಾತು ಇನ್ನು ಮುಂದೆ.

ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೂ ಮನೆಯೊಳಗೆ ಹುಟ್ಟಿದ ವಸ್ತುಗಳು ಕೆಲವಿರುತ್ತವೆ. ಪೈಥಾನಿನಲ್ಲಿ ಪಟ್ಟಿ, ಅಕ್ಷರಮಾಲೆ ಇಂಥವು. ಬಳಸುವವನು ತನ್ನ ಅಗತ್ಯಕ್ಕೆ ಕಟ್ಟಿಕೊಳ್ಳುವ ವಸ್ತುಗಳು ಬೇರೆ. ಇವುಗಳ ನಕ್ಷೆಗೆ ಕ್ಲಾಸ್ ಎನ್ನುತ್ತಾರೆ. ಒಬ್ಬನು ರೈಲಿನ ಕಾದಿರಿಸುವಿಕೆಯ ಚಾರ್ಟನ್ನು ಕಟ್ಟುತ್ತಾನೆ, ಇನ್ನೊಬ್ಬಳು ನಕ್ಷತ್ರಗಳ ಚಿತ್ರಕ್ಕಾಗಿ ಕೋಷ್ಟಕವನ್ನು ಕಟ್ಟುತ್ತಾಳೆ. ನಡೆನುಡಿಯಲ್ಲಿ ಇವೂ ಸಾಲುಗಳೇ. ಆದರೆ ಇವುಗಳ ಮುಂದೆ [2:5] ಎಂದು ಬರೆದರೆ ಭಾಷೆ ಒಪ್ಪುತ್ತದೆಯೋ? ಅಥವಾ "ಅದು ಮನೆಯವರಿಗೆ ಮಾತ್ರ" ಎನ್ನುತ್ತದೆಯೋ? ಊರು ಬಿಟ್ಟು ಊರಿಗೆ ಬಂದು ರೇಷನ್ ಕಾರ್ಡು ಮಾಡಿಸಿಕೊಂಡ ನಮ್ಮಂಥವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೈಥಾನ್ ಆರಂಭದಲ್ಲಿ ಅರ್ಧ ಒಪ್ಪಿತು. ಕ್ಲಾಸಿನಲ್ಲಿ ಗೆಟ್‌ಐಟಂ ಎಂಬ ಹೆಸರಿನ ಕ್ರಿಯೆಯೊಂದನ್ನು ಬರೆದಿಟ್ಟರೆ ಸಾಲು[3] ಎಂದಾಗ ಭಾಷೆ ಅದನ್ನು ಕರೆಯುತ್ತದೆ. ಹೋಳಿಗೆ ಗೆಟ್‌ಸ್ಲೈಸ್ ಎಂಬ ಇನ್ನೊಂದು ಬಾಗಿಲು. ಆ ಬಾಗಿಲು ಮಾತ್ರ ಬಹಳ ಕಿರಿದು. ಅದರಿಂದ ಒಳಗೆ ಹೋಗಬಹುದಾದದ್ದು ಎರಡು ಪೂರ್ಣಾಂಕಗಳು ಮಾತ್ರ. ಕೊನೆಯ ಅಂಕೆಯನ್ನು ಬಿಟ್ಟು ಬರೆದಿದ್ದರೆ ಅದರ ಜಾಗದಲ್ಲಿ ಯಂತ್ರಕ್ಕೆ ಗೊತ್ತಿರುವ ಅತಿ ದೊಡ್ಡ ಪೂರ್ಣಾಂಕವನ್ನು ತುರುಕುತ್ತಿದ್ದರು. ಹಿಂದಿನಿಂದ ಎಣಿಸುವ ಋಣ ಅಂಕೆ ಇದ್ದರೆ ಉದ್ದವನ್ನು ತಾವೇ ಕೂಡಿಸಿ ಕೊಡುತ್ತಿದ್ದರು. ಬರೆದವನು ನಿಜವಾಗಿ ಏನು ಬರೆದನೆಂದು ಪಾಪ, ಆ ವಸ್ತುವಿಗೆ ಗೊತ್ತೇ ಆಗುತ್ತಿರಲಿಲ್ಲ. ಗುಮಾಸ್ತರು ಮೊದಲೇ ತಿದ್ದಿದ ಅರ್ಜಿ ಸಾಹೇಬರ ಮೇಜಿಗೆ ಹೋದ ಹಾಗೆ.

ಸಾಲು ಒಂದೇ ಆದರೆ ಇದು ಹೇಗೋ ನಡೆದೀತು. ಕೋಷ್ಟಕಕ್ಕೆ ಸಾಲದು. ಎರಡನೆಯ ಅಡ್ಡಸಾಲಿನಿಂದ ಐದರ ವರೆಗೆ, ಅದರಲ್ಲಿ ಮೊದಲ ಮೂರು ಕಂಬಸಾಲು, ಅದೂ ಒಂದು ಬಿಟ್ಟು ಒಂದು ಎನ್ನಬೇಕಾದರೆ ಎರಡು ಪೂರ್ಣಾಂಕಗಳಲ್ಲಿ ಹೇಳುವುದು ಹೇಗೆ? 1995ರಲ್ಲಿ ಇದಕ್ಕಾಗಿಯೇ ಒಂದು ಗುಂಪು ಸೇರಿತು. ಮ್ಯಾಟ್ರಿಕ್ಸ್ ಸಿಗ್ ಎಂದು ಅದರ ಹೆಸರು. ಜಿಮ್ ಫುಲ್ಟನ್ ಎಂಬವರು ಒಂದು ಕೋಷ್ಟಕವನ್ನು ಕಟ್ಟಿದ್ದರು. ಆಗ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದ ಜಿಮ್ ಹ್ಯೂಗುನಿನ್ ಅದನ್ನು ವಿಸ್ತರಿಸಿ ನ್ಯೂಮೆರಿಕ್ ಎಂಬ ಸಂಗ್ರಹವನ್ನು ಸಿದ್ಧಪಡಿಸಿದರು. ಕಾನ್ರಾಡ್ ಹಿನ್ಸೆನ್, ಡೇವಿಡ್ ಆಶರ್, ಪಾಲ್ ಡ್ಯುಬೋಯ್ ಮೊದಲಾದವರು ಜೊತೆಗೂಡಿದರು. ಇವರಾರೂ ಭಾಷೆಯ ಒಡೆಯರಲ್ಲ, ಬಳಸುವವರು. ಆದರೆ ಒಡೆಯರೇ ಆದ ಗೀಡೋ ಆ ಗುಂಪಿನಲ್ಲಿ ಬಂದು ಕೂತಿದ್ದರು. ಕಥೆ ತಿರುಗಿದ್ದು ಅಲ್ಲಿಯೇ.

1996ರಲ್ಲಿ ಪೈಥಾನಿನ 1.4ನೆಯ ಆವೃತ್ತಿ ಹೊರಬಂದಾಗ ವ್ಯಾಕರಣವೇ ಬದಲಾಗಿತ್ತು. ಕಂಸದೊಳಗೆ ಮೂರನೆಯ ಅಂಕೆಯನ್ನೂ ಬರೆಯಬಹುದು: [0:10:2] ಎಂದರೆ ಸೊನ್ನೆಯಿಂದ ಹತ್ತರ ವರೆಗೆ, ಎರಡೆರಡು ಹೆಜ್ಜೆ. ಅಲ್ಪವಿರಾಮ ಹಾಕಿ ಅಡ್ಡಸಾಲಿನ ಹೋಳು, ಕಂಬಸಾಲಿನ ಹೋಳು ಎರಡನ್ನೂ ಒಟ್ಟಿಗೆ ಕೇಳಬಹುದು. ಮುಖ್ಯವಾದದ್ದು ಇನ್ನೊಂದು: ಬರೆದ ಹೋಳನ್ನು ಯಾರೂ ತಿದ್ದದೆ, ಸ್ಲೈಸ್ ಎಂಬ ಲಕೋಟೆಯೊಳಗೆ ಆರಂಭ, ಅಂತ್ಯ, ಹೆಜ್ಜೆ ಮೂರನ್ನೂ ಹಾಗೆಯೇ ಇಟ್ಟು, ಗೆಟ್‌ಐಟಂ ಬಾಗಿಲಿನಿಂದಲೇ ವಸ್ತುವಿಗೆ ತಲುಪಿಸುವ ಏರ್ಪಾಡಾಯಿತು. ಲಕೋಟೆಯನ್ನು ಒಡೆದು ಅರ್ಥ ಮಾಡಿಕೊಳ್ಳುವ ಸ್ವಾತಂತ್ರ್ಯ ವಸ್ತುವಿನದು.

ಇದರಲ್ಲಿ ಒಂದು ಸ್ವಾರಸ್ಯವಿದೆ; ಈ ಲೇಖನ ಬರೆಯಲು ಅದೇ ಪ್ರೇರಣೆ. ಮೂರನೆಯ ಅಂಕೆಯ ಹೋಳು ವ್ಯಾಕರಣಕ್ಕೆ ಸೇರಿತಾದರೂ ಭಾಷೆಯ ಸ್ವಂತ ಪಟ್ಟಿಗೆ, ಸ್ವಂತ ಅಕ್ಷರಮಾಲೆಗೆ ಅದನ್ನು ಕಲಿಸಿರಲೇ ಇಲ್ಲ! ಹೊರಗಿನವರು ಕಟ್ಟಿದ ಕೋಷ್ಟಕ [::2] ಎಂದರೆ ಒಂದು ಬಿಟ್ಟು ಒಂದು ಕೊಡುತ್ತಿತ್ತು. ಮನೆಯ ಪಟ್ಟಿಯನ್ನು ಹಾಗೆ ಕೇಳಿದರೆ ತಪ್ಪೆಂದು ನಿಂತುಬಿಡುತ್ತಿತ್ತು. ಈ ಸ್ಥಿತಿ ಒಂದೆರಡು ತಿಂಗಳಲ್ಲ, ಏಳು ವರ್ಷ ನಡೆಯಿತು. 2003ರ ಜುಲೈಯಲ್ಲಿ 2.3ನೆಯ ಆವೃತ್ತಿ ಬಂದಾಗ, ಮೈಕಲ್ ಹಡ್ಸನ್ ಎಂಬವರು ಬರೆದುಕೊಟ್ಟ ತಿದ್ದುಪಡಿಯಿಂದ ಮನೆಯವರಿಗೂ ಆ ಸವಲತ್ತು ಸಿಕ್ಕಿತು. ಇಂದು ತರುಣರು ಪಟ್ಟಿಯನ್ನು ತಿರುಗಿಸಲು [::-1] ಎಂದು ಲೀಲಾಜಾಲವಾಗಿ ಬರೆಯುತ್ತಾರಲ್ಲ, ಅದು ವಿಜ್ಞಾನಿಗಳ ಕೋಷ್ಟಕಕ್ಕಾಗಿ ತಂದದ್ದು. ಅತಿಥಿಗಳಿಗೆ ಮಾಡಿದ ಅಡಿಗೆಯನ್ನು ಮನೆಯವರು ಆಮೇಲೆ ಉಂಡರು.

ಅದೇ 2.3ರಲ್ಲಿ ಲಕೋಟೆಗೆ ಇಂಡೈಸಸ್ ಎಂಬ ಉಪಕಾರಿ ಕ್ರಿಯೆಯೊಂದನ್ನು ಸೇರಿಸಿದರು. "ನನ್ನ ಉದ್ದ ಇಷ್ಟು" ಎಂದು ಹೇಳಿದರೆ, ಬಿಟ್ಟ ಅಂಕೆಗಳನ್ನು ತುಂಬಿ, ಋಣ ಅಂಕೆಗಳನ್ನು ಸರಿಪಡಿಸಿ, ಉದ್ದ ಮೀರಿದ್ದನ್ನು ಕತ್ತರಿಸಿ ಮೂರು ಶುದ್ಧ ಅಂಕೆಗಳನ್ನು ಕೊಡುತ್ತದೆ. ಅದಕ್ಕೆ ಮುಂಚೆ ಪ್ರತಿಯೊಬ್ಬನೂ ಈ ಲೆಕ್ಕವನ್ನು ತಾನೇ ಮಾಡಿ ಪ್ರತಿಯೊಬ್ಬನೂ ಬೇರೆ ಬೇರೆ ಮೂಲೆಯಲ್ಲಿ ಎಡವುತ್ತಿದ್ದನು.

ಇಷ್ಟಾದರೂ ಹಳೆಯ ಕಿರುಬಾಗಿಲು ಮುಚ್ಚಿರಲಿಲ್ಲ. 2000ದಲ್ಲಿ ಬಂದ 2.0ರಿಂದಲೇ ಗೆಟ್‌ಸ್ಲೈಸನ್ನು ಬಳಸಬೇಡಿರೆಂದು ಹೇಳುತ್ತಿದ್ದರು. ಆದರೆ ಮನೆಯ ಪಟ್ಟಿಯೊಳಗೆ ಅದು ಇದ್ದೇ ಇತ್ತು. 2001ರ ಕೊನೆಯಲ್ಲಿ 2.2 ಬಂದಾಗ ಪಟ್ಟಿಯನ್ನೇ ತಂದೆಯಾಗಿ ಇಟ್ಟುಕೊಂಡು ಹೊಸ ಕ್ಲಾಸು ಕಟ್ಟಲು ಅನುಮತಿ ಸಿಕ್ಕಿತು. ತೊಡಕೂ ಅದರೊಡನೆಯೇ ಬಂತು. ಮಗನು ಗೆಟ್‌ಐಟಂ ಬರೆದುಕೊಂಡು ಮುಂಬಾಗಿಲಲ್ಲಿ ಕಾಯುತ್ತಿದ್ದರೆ, [2:5] ಎಂಬ ಸರಳ ಹೋಳು ತಂದೆಯ ಕಾಲದ ಹಿಂಬಾಗಿಲಿನಿಂದ ಹೋಗಿಬಿಡುತ್ತಿತ್ತು. [2:5:1] ಎಂದು ಬರೆದರೆ ಮುಂಬಾಗಿಲು. ಅರ್ಥ ಒಂದೇ, ದಾರಿ ಬೇರೆ, ಉತ್ತರವೂ ಬೇರೆ! ತಪ್ಪು ಎಲ್ಲಿದೆ ಎಂದು ಹುಡುಕುವವರು ತಲೆ ಕೆರೆದುಕೊಳ್ಳುತ್ತಿದ್ದರೆ ಆಶ್ಚರ್ಯವಿಲ್ಲ. ಮತ್ತೊಂದು ತೊಡಕು ಇಂದಿಗೂ ಇದೆ. ಪಟ್ಟಿಯ ಮಗನಾದ ಕ್ಲಾಸಿನಿಂದ ಹೋಳು ತೆಗೆದರೆ, ಕ್ಲಾಸು ಬರೆದವನು ಎಚ್ಚರ ವಹಿಸದಿದ್ದಲ್ಲಿ, ಸಿಗುವುದು ಬರಿಯ ಪಟ್ಟಿ. ಮಗನ ಗುಣಗಳೆಲ್ಲ ಕತ್ತರಿಸಿದ ಕೂಡಲೇ ಹೋಗುತ್ತವೆ. ಮನೆತನದ ಹೆಸರು ಉಳಿಯಬೇಕಾದರೆ ಹೋಳನ್ನು ಮತ್ತೆ ಅದೇ ಕ್ಲಾಸಿನ ವಸ್ತುವಾಗಿ ಕಟ್ಟಿ ಕೊಡಬೇಕು.

ಆಲ್ಗಾಲ್ 68ರ ವಿಷಯ ನೆನಪಿಡಿ ಎಂದಿದ್ದೆನಲ್ಲ. ಪೈಥಾನಿನ ಪಟ್ಟಿಯ ಹೋಳು ನಕಲು. ಹೋಳನ್ನು ತಿದ್ದಿದರೆ ಮೂಲಕ್ಕೆ ಏನೂ ಆಗದು. ನ್ಯೂಮೆರಿಕ್ ಕಟ್ಟಿದವರು ಇದನ್ನು ಒಪ್ಪಲಿಲ್ಲ. ಸಾವಿರಕ್ಕೆ ಸಾವಿರದ ಕೋಷ್ಟಕದಲ್ಲಿ ಹತ್ತು ಲಕ್ಷ ಅಂಕೆಗಳು. ಅಂಕೆಗೆ ಎಂಟು ಬೈಟಿನಂತೆ ಎಂಬತ್ತು ಲಕ್ಷ ಬೈಟು. 1995ರಲ್ಲಿ ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿನ ಒಟ್ಟು ಸ್ಮೃತಿಯೇ ಅಷ್ಟೋ ಅದರ ಇಮ್ಮಡಿಯೋ ಇರುತ್ತಿತ್ತು. ಹೋಳು ಹೋಳಿಗೂ ನಕಲು ಮಾಡುತ್ತ ಕೂತರೆ ಯಂತ್ರ ಉಸಿರು ಕಟ್ಟಿ ನಿಲ್ಲುತ್ತದೆ. ಅವರ ಉಪಾಯ ಸರಳ. ಅಂಕೆಗಳು ಇದ್ದಲ್ಲಿಯೇ ಇರಲಿ. ಹೋಳು ಎಂದರೆ ಒಂದು ಚೀಟಿ: ಎಲ್ಲಿಂದ ಆರಂಭ, ಎಷ್ಟು ಅಂಕೆ, ಒಂದರಿಂದ ಮುಂದಿನದಕ್ಕೆ ಎಷ್ಟು ದೂರ ಜಿಗಿಯಬೇಕು. ಒಂದು ಬಿಟ್ಟು ಒಂದು ಬೇಕಾದರೆ ಜಿಗಿತವನ್ನು ಇಮ್ಮಡಿಸಿದರಾಯಿತು. ಹಿಂದುಮುಂದಾಗಿ ಬೇಕಾದರೆ ಕೊನೆಯಿಂದ ಹೊರಟು ಋಣ ಜಿಗಿತ. ಕೋಟಿ ಅಂಕೆಗಳ ಸಾಲನ್ನು ತಿರುಗಿಸಿದರೂ ಒಂದು ಅಂಕೆಯೂ ಕದಲುವುದಿಲ್ಲ.

ಇದರ ಬೆಲೆಯನ್ನೂ ತೆರಬೇಕಾಗುತ್ತದೆ. ಹೋಳು ಕಿಟಕಿಯಿದ್ದಂತೆ; ಕಿಟಕಿಯಿಂದ ಕೈ ಹಾಕಿ ಏನನ್ನಾದರೂ ಬದಲಿಸಿದರೆ ಮನೆಯೊಳಗೇ ಬದಲಾಗುತ್ತದೆ. ಪಟ್ಟಿಯ ಅಭ್ಯಾಸದಿಂದ ಬಂದವರು ಮೊದಲ ಸಲ ಬೆಚ್ಚಿಬೀಳುತ್ತಾರೆ. ಒಂದೇ ಚಿಹ್ನೆ, ಒಂದು ಕಡೆ ನಕಲು, ಇನ್ನೊಂದು ಕಡೆ ಕಿಟಕಿ. ಇದು ಸರಿಯೇ ಎಂದು ಕೇಳಿದರೆ, ನನ್ನ ಮಟ್ಟಿಗೆ ಹೌದು. ಲಕೋಟೆಯ ಅರ್ಥವನ್ನು ವಸ್ತುವೇ ಮಾಡಿಕೊಳ್ಳಲಿ ಎಂದು ಒಪ್ಪಿದ ಮೇಲೆ, ಎಲ್ಲರೂ ಒಂದೇ ಅರ್ಥ ಮಾಡಬೇಕೆಂದು ಹಟ ಹಿಡಿಯುವುದು ಸಲ್ಲದು. ತಿಳಿಸಿ ಬರೆದಿಟ್ಟರೆ ಸಾಕು.

ಮುಂದೆ ನ್ಯೂಮೆರಿಕ್‌ಗೆ ಒಬ್ಬ ದಾಯಾದಿ ಹುಟ್ಟಿಕೊಂಡನು. ಹಬಲ್ ದೂರದರ್ಶಕದ ಚಿತ್ರಗಳನ್ನು ನೋಡಿಕೊಳ್ಳುತ್ತಿದ್ದ ಬಾಲ್ಟಿಮೋರಿನ ಸಂಸ್ಥೆಯವರು ನಮ್‌ಅರೇ ಎಂಬುದನ್ನು ಕಟ್ಟಿದರು. ದೊಡ್ಡ ಸಾಲುಗಳಿಗೆ ಅದು ವೇಗ, ಸಣ್ಣವುಗಳಿಗೆ ಹಳೆಯದೇ ವೇಗ. ಬಳಸುವವರು ಎರಡು ಪಂಗಡವಾದರು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿದ್ದ ಟ್ರಾವಿಸ್ ಓಲಿಫಂಟ್ 2005ರಲ್ಲಿ ಎರಡನ್ನೂ ಒಂದುಗೂಡಿಸಲು ಕೂತು, 2006ರ ಅಕ್ಟೋಬರಿನಲ್ಲಿ ನಮ್‌ಪೈ ಎಂಬ ಹೆಸರಿನಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಬಿಡುಗಡೆ ಮಾಡಿದರು.

ಆ ಕೆಲಸದ ನಡುವೆಯೇ ಅವರಿಗೆ ಹಕ್ಕಿನ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ಕತ್ತರಿಸಿಕೊಳ್ಳುವ ಸಾಲು ಹೊರಗಿನದಾಗಬಹುದು, ಸರಿ. ಕತ್ತರಿಸುವ ಅಂಕೆಯೂ ಹೊರಗಿನದಾಗಬಹುದೋ? ನಮ್‌ಪೈಗೆ ಅದರದೇ ಪೂರ್ಣಾಂಕಗಳಿದ್ದವು. ಅವುಗಳನ್ನು ಎರಡು ಚುಕ್ಕೆಯ ಪಕ್ಕದಲ್ಲಿ ಇಟ್ಟರೆ ಮನೆಯ ಪಟ್ಟಿ ಸ್ವೀಕರಿಸುತ್ತಿರಲಿಲ್ಲ. ಪೂರ್ಣಾಂಕವಾಗಿ ಮಾರ್ಪಡಿಸುವ ಹಳೆಯ ಕ್ರಿಯೆಯನ್ನೇ ಬಳಸೋಣವೆಂದರೆ 3.7 ಎಂಬ ದಶಮಾಂಶವೂ ಸದ್ದಿಲ್ಲದೆ ಮೂರಾಗಿ ಒಳನುಗ್ಗೀತು. ಆದ್ದರಿಂದ ಇಂಡೆಕ್ಸ್ ಎಂಬ ಹೊಸ ಕ್ರಿಯೆಯನ್ನು ಓಲಿಫಂಟ್ ಸೂಚಿಸಿದರು. ನಿಜವಾಗಿಯೂ ಪೂರ್ಣಾಂಕವೇ ಆಗಿರುವ ವಸ್ತು ಮಾತ್ರ ಅದನ್ನು ಬರೆದುಕೊಳ್ಳಬೇಕು; ಬರೆದುಕೊಂಡ ವಸ್ತು ಯಾವ ಹೋಳಿನ ಅಂಚಾದರೂ ಆಗಬಹುದು. 2006ರ ಸೆಪ್ಟೆಂಬರಿನಲ್ಲಿ 2.5ನೆಯ ಆವೃತ್ತಿಯೊಡನೆ ಅದು ಜಾರಿಗೆ ಬಂತು. ಎರಡು ವರ್ಷದ ಮೇಲೆ, 2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂದಾಗ ಗೆಟ್‌ಸ್ಲೈಸ್ ಬಾಗಿಲಿಗೆ ಗೋಡೆ ಕಟ್ಟಿದರು. ಅಂದಿನಿಂದ ಮನೆಯವರಿಗೂ ಹೊರಗಿನವರಿಗೂ ಒಂದೇ ಬಾಗಿಲು, ಒಂದೇ ಲಕೋಟೆ. 2016ರಲ್ಲಿ ಪ್ರಕಟವಾದ ಗುರುತ್ವ ಅಲೆಗಳ ಸುದ್ದಿಯ ಹಿಂದೆಯೂ 2019ರ ಕಪ್ಪುಕುಳಿಯ ಚಿತ್ರದ ಹಿಂದೆಯೂ ನಡೆದ ಲೆಕ್ಕಗಳಲ್ಲಿ ನಮ್‌ಪೈಯ ಸಾಲುಗಳ ಕೆಲಸವಿದೆ.

ಇನ್ನು ನಮ್ಮ ಭಾಷೆಗೆ ತಾಗುವ ಮಾತು. ಅದೇ 3.0ರಿಂದ ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದು. ಮೇಲೆ ಸಾಲು[2:5] ಎಂದು ನಾನು ಬರೆದದ್ದನ್ನು ಯಂತ್ರ ಹಾಗೆಯೇ ಒಪ್ಪುತ್ತದೆ. ಆದರೆ ಕನ್ನಡ ಪದದಿಂದ ಹೋಳು ತೆಗೆದು ನೋಡಿ. ಪೈಥಾನ್ ಬಂದ 1991ರಲ್ಲಿಯೇ ಹೊರಬಂದ ಯೂನಿಕೋಡ್ ಎಂಬ ಸಂಕೇತಮಾಲೆಯಲ್ಲಿ ಕನ್ನಡದ ವ್ಯಂಜನಕ್ಕೆ ಒಂದು ಸಂಕೇತ, ಸ್ವರಚಿಹ್ನೆಗೆ ಒಂದು, ಒತ್ತಕ್ಷರಕ್ಕಾಗಿ ನಡುವೆ ಸೇರುವ ಅರ್ಧಾಕ್ಷರ ಚಿಹ್ನೆಗೆ ಮತ್ತೊಂದು. "ಕರ್ನಾಟಕ" ನಮಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಏಳು. ಮೊದಲ ಎರಡು ಅಕ್ಷರ ಬೇಕೆಂದು [:2] ಎಂದರೆ "ಕರ" ಎಂದು ಕೊಡುತ್ತದೆ. [::-1] ಎಂದು ತಿರುಗಿಸಿದರೆ "ಕಟಾನ್ರಕ" ಎಂಬ ವಿಚಿತ್ರ ಪದ ಬರುತ್ತದೆ. ಟ ದೀರ್ಘವಾಯಿತು, ಅರ್ಕಾವತ್ತು ಹೋಗಿ ರ ಒತ್ತಾಯಿತು. "ಮೇಷ್ಟ್ರು" ಎಂಬ ಎರಡಕ್ಷರದ ಪದಕ್ಕೆ ಎಂಟು ಸಂಕೇತಗಳು. ನಡುವೆ ಎಲ್ಲಿ ಕತ್ತರಿ ಬಿದ್ದರೂ ಮೇಷ್ಟ್ರಿಗೆ ಮರ್ಯಾದೆಯಿಲ್ಲ.

ಮನೆಯ ಅಕ್ಷರಮಾಲೆ ನಮ್ಮ ಅಕ್ಷರವನ್ನು ಅರಿಯದು. ಅದಕ್ಕೆ ಕಲಿಸುವುದು ನಮ್ಮಿಂದ ಆಗದು. ಆದರೆ ನಮ್ಮದೇ ಕ್ಲಾಸು ಕಟ್ಟಲು ಅಡ್ಡಿಯಿಲ್ಲ. ಪದವನ್ನು ಕೊಟ್ಟೊಡನೆ ಅದು ಸಂಕೇತಗಳನ್ನು ನೋಡುತ್ತ ಹೋಗಬೇಕು: ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಬಂದರೆ ಹಿಂದಿನದಕ್ಕೆ ಅಂಟಿಸು, ಅರ್ಧಾಕ್ಷರ ಚಿಹ್ನೆ ಬಂದರೆ ಅದನ್ನೂ ಅಂಟಿಸಿ ಮುಂದಿನ ವ್ಯಂಜನವನ್ನೂ ಎಳೆದುಕೊ. ಹೀಗೆ ಸಿಕ್ಕ ಅಕ್ಷರಗಳನ್ನು ಸಾಲಾಗಿ ಇಟ್ಟುಕೊಂಡು, ಉದ್ದ ಕೇಳಿದರೆ ನಾಲ್ಕು ಎನ್ನಬೇಕು. ಗೆಟ್‌ಐಟಂ ಬಾಗಿಲಿಗೆ ಅಂಕೆ ಬಂದರೆ ಒಂದು ಅಕ್ಷರ. ಲಕೋಟೆ ಬಂದರೆ ಇಂಡೈಸಸ್‌ನಿಂದ ಮೂರು ಅಂಕೆ ಪಡೆದು, ಅಕ್ಷರಗಳನ್ನು ಆರಿಸಿ, ಅದೇ ಕ್ಲಾಸಿನ ಹೊಸ ವಸ್ತುವಾಗಿ ಕಟ್ಟಿ ಕೊಡಬೇಕು. ಬಲ್ಲವರಿಗೆ ಮೂವತ್ತು ನಲವತ್ತು ಸಾಲಿನ ಕೆಲಸ. ಆಗ [:2] ಎಂದರೆ "ಕರ್ನಾ", ತಿರುಗಿಸಿದರೆ "ಕಟರ್ನಾಕ". ಮಕ್ಕಳ ಪದಬಂಧಕ್ಕೂ ಪತ್ರಿಕೆಯ ಶೀರ್ಷಿಕೆಯನ್ನು ಅಳತೆಗೆ ಕತ್ತರಿಸುವುದಕ್ಕೂ ಬೇಕಾದದ್ದು ಇದೇ.

ಕಟ್ಟುವವರು ತೀರ್ಮಾನಿಸಬೇಕಾದ ವಿಷಯಗಳು ಆಮೇಲೂ ಉಳಿಯುತ್ತವೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜ್ ಮತ್ತು ಕು ಕೂಡಿ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇಡುತ್ತೇವೆ. ಅದನ್ನು ಎಣಿಸಬಾರದು, ಕಳೆಯಲೂಬಾರದು. ಕೊನೆಯ ರ್ ಒಂದು ಅಕ್ಷರವೋ ಅಲ್ಲವೋ? ಪದಬಂಧ ಮಾಡುವವರು ಅದಕ್ಕೊಂದು ಮನೆ ಕೊಟ್ಟು ಐದು ಎಂದಾರು. ಛಂದಸ್ಸಿನ ಲೆಕ್ಕ ಹಿಡಿದವರು ಅರೆವ್ಯಂಜನವನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ ಗುರುವೆಂದು ಗುರುತು ಹಾಕಿ ಮೂರೇ ಎಂದಾರು. ಬೇಕಾದರೆ ಎರಡು ಕ್ಲಾಸು ಕಟ್ಟಿಕೊಳ್ಳಬಹುದು. [:2] ಎಂದು ಕೇಳಿದರೆ ಮೊದಲಿನದು "ರಾಜ್" ಎನ್ನುತ್ತದೆ, ಎರಡನೆಯದು "ರಾಜ್‌ಕು" ಎನ್ನುತ್ತದೆ.